ಬೂದಿ ಮುಚ್ಚಿದ ಕೆಂಡ: ಮಾತ್ರೆ ಬಿಟ್ಟು ಪಥ್ಯ ಹಿಡಿದ ಒಬ್ಬ ಕ್ರೋನ್ಸ್ ರೋಗಿಯ ಪ್ರಕರಣ

ಕ್ರೋನ್ಸ್ ಅಂದರೆ ಕರುಳಿನಲ್ಲಿ ಉರಿಯೂತ, ಹುಣ್ಣು ಮಾಡುತ್ತಾ ವರ್ಷಗಟ್ಟಲೆ ಉಳಿಯುವ ಕಾಯಿಲೆ. ಈ ಪ್ರಕರಣದ ವ್ಯಕ್ತಿಯನ್ನು ಮಾದೇಶ ಅಂತ ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ವಯಸ್ಸು, ಊರು, ಕೆಲಸದ ವಿವರ ಎಲ್ಲ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಮಂಡ್ಯ ಸೀಮೆಯವರು ಅನ್ನುವುದನ್ನು ಮಾತ್ರ ಬದಲಿಸಿಲ್ಲ. ಅದನ್ನು ಬದಲಿಸಿದರೆ ಮುದ್ದೆಯ ವಿಷಯ ಹೇಳೋಕಾಗುವುದಿಲ್ಲ, ಮುದ್ದೆ ಬಿಟ್ಟರೆ ಈ ಪ್ರಕರಣದಲ್ಲಿ ಅರ್ಧ ಉಳಿಯುವುದಿಲ್ಲ. ನಾನು ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್. ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ಬರೆದರೆ ಬರೆಯುವುದೇ ದಂಡ.

ಟಿಬಿಯೋ, ಕ್ರೋನ್ಸೋ

ಮಾದೇಶರಿಗೆ 27 ವರ್ಷ. ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ದಿನಾ ಕಂಪನಿ ಬಸ್ಸಿನಲ್ಲಿ ಒಂದು ಗಂಟೆ ಹೋಗಿ ಬರಬೇಕು. ಹೊಟ್ಟೆಯ ಬಲಭಾಗದ ಕೆಳಗೆ ನೋವು, ದಿನಕ್ಕೆ ಐದಾರು ಸಲ ಭೇದಿ, ಸಂಜೆ ಹೊತ್ತು ಸಣ್ಣಗೆ ಜ್ವರ. ಹೀಗೆ ಏಳೆಂಟು ತಿಂಗಳು ನಡೆಯಿತು. ಮೊದಲು ಗ್ಯಾಸ್ಟ್ರಿಕ್ ಅಂದರು, ಆಮೇಲೆ ಜಂತುಹುಳು ಅಂದರು, ಮೂಲವ್ಯಾಧಿ ಅಂದವರೂ ಇದ್ದರು. ಅಷ್ಟರಲ್ಲಿ 64 ಕಿಲೋ ಇದ್ದವರು 54ಕ್ಕೆ ಇಳಿದಿದ್ದರು. ಲೈನಿನಲ್ಲಿ ನಿಂತು ಕೆಲಸ ಮಾಡುವವರಿಗೆ ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಹೋಗುವುದು ಎಷ್ಟು ಕಷ್ಟ ಅನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸೂಪರ್‌ವೈಸರ್ ಹತ್ತಿರ ಪ್ರತಿ ಸಲ ಕೇಳಬೇಕು, ಅವರ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲಬೇಕು. ಬಸ್ಸು ಹತ್ತುವ ಭಯಕ್ಕೆ ಅವರು ಬೆಳಿಗ್ಗೆ ತಿಂಡಿ ತಿನ್ನುವುದನ್ನೇ ಬಿಟ್ಟಿದ್ದರು.

ಕೊನೆಗೆ ಕೊಲೊನೊಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ನಳಿಗೆ ಹಾಕಿ ನೋಡುವ ಪರೀಕ್ಷೆ ಆಯಿತು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಹುಣ್ಣುಗಳಿದ್ದವು, ಅಲ್ಲೇ ಸ್ವಲ್ಪ ಕಿರಿದಾಗಿತ್ತು. ನಮ್ಮ ದೇಶದಲ್ಲಿ ಈ ಜಾಗದ ಹುಣ್ಣು ಅಂದರೆ ಎರಡು ಅನುಮಾನ ಒಟ್ಟಿಗೇ ಬರುತ್ತವೆ: ಕರುಳಿನ ಟಿಬಿ, ಇಲ್ಲವೇ ಕ್ರೋನ್ಸ್. ಇವೆರಡೂ ಒಂದೇ ಮುಖದ ಅವಳಿಗಳು. ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಿದರೂ ಎಷ್ಟೋ ಸಲ ಬಿಡಿಸಿ ಹೇಳಲಾಗುವುದಿಲ್ಲ. ಕ್ರೋನ್ಸ್ ಔಷಧಿ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ, ಅದನ್ನು ಟಿಬಿ ಇದ್ದವರಿಗೆ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಅದಕ್ಕೇ ಅನುಮಾನ ಇದ್ದಾಗ ಮೊದಲು ಟಿಬಿ ಮಾತ್ರೆ ಕೊಟ್ಟು ನೋಡುವುದು ಇಲ್ಲಿ ರೂಢಿ. ಮಾದೇಶರಿಗೂ ಹಾಗೇ ಮಾಡಿದರು. ಮೂರು ತಿಂಗಳಾದ ಮೇಲೆ ಮತ್ತೆ ಕೊಲೊನೊಸ್ಕೋಪಿ ಮಾಡಿದಾಗ ಹುಣ್ಣು ಇದ್ದ ಹಾಗೇ ಇತ್ತು. ಆಗ ಕ್ರೋನ್ಸ್ ಅಂತ ತೀರ್ಮಾನ ಆಯಿತು.

ವೈದ್ಯರ ಕಡೆಯಿಂದ ನೋಡಿದರೆ ಇದು ಸರಿಯಾದ ದಾರಿ. ಮಾದೇಶರ ಕಡೆಯಿಂದ ನೋಡಿದರೆ ಬೇರೆ. "ಮೂರು ತಿಂಗಳು ಟಿಬಿ ಅಂತ ಮಾತ್ರೆ ನುಂಗಿಸಿದ್ರು. ಆಮೇಲೆ ಅದಲ್ಲ ಅಂದ್ರು. ಈಗ ಕೊಡ್ತಿರೋದು ಮಾತ್ರ ಸರಿ ಅಂತ ಹೇಗೆ ನಂಬೋದು ಮೇಡಂ?" ಅಂತ ಅವರು ನನ್ನನ್ನು ಕೇಳಿದ್ದು ಎಷ್ಟೋ ತಿಂಗಳಾದ ಮೇಲೆ. ಆಸ್ಪತ್ರೆಯಲ್ಲಿ ಆ ಪ್ರಶ್ನೆಯನ್ನು ಅವರು ಯಾರಿಗೂ ಕೇಳಿರಲಿಲ್ಲ. ಯಾಕೆ ಮೊದಲು ಟಿಬಿ ಮಾತ್ರೆ ಕೊಡುತ್ತಿದ್ದೇವೆ ಅಂತ ಯಾರೂ ಬಿಡಿಸಿ ಹೇಳಿರಲೂ ಇಲ್ಲ.

ಮೇ ಕೊನೆಯಲ್ಲಿ ಸ್ಟೀರಾಯ್ಡ್ ಶುರುವಾಯಿತು. ಪ್ರೆಡ್ನಿಸೋಲೋನ್ ದಿನಕ್ಕೆ 40 ಮಿಲಿಗ್ರಾಂ. ಎರಡು ವಾರವಾದ ಮೇಲೆ ವಾರಕ್ಕೆ 5ರಂತೆ ಇಳಿಸುತ್ತಾ ಬರಬೇಕು. ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಉರಿಯೂತ ತಡೆಯುವ ಅಜಾಥಿಯೋಪ್ರಿನ್ ಮಾತ್ರೆ, ಮೊದಲು 50 ಮಿಲಿಗ್ರಾಂ, ಆಮೇಲೆ 100. ಸ್ಟೀರಾಯ್ಡ್ ಬೇಗ ಕೆಲಸ ಮಾಡುತ್ತದೆ, ಆದರೆ ಬಹಳ ದಿನ ಇಟ್ಟುಕೊಳ್ಳುವ ಔಷಧಿ ಅಲ್ಲ. ಅಜಾಥಿಯೋಪ್ರಿನ್ ಕೆಲಸ ಶುರು ಮಾಡಲು ಎರಡು ಮೂರು ತಿಂಗಳು ಬೇಕು, ಆದರೆ ವರ್ಷಗಟ್ಟಲೆ ಕಾಪಾಡುವುದು ಅದೇ. ಒಂದು ಇಳಿಯುವಷ್ಟರಲ್ಲಿ ಇನ್ನೊಂದು ಏರಬೇಕು. ಇದನ್ನು ತಿಳಿಯದವರಿಗೆ ಸ್ಟೀರಾಯ್ಡ್ ಒಳ್ಳೆಯ ಮಾತ್ರೆಯಾಗಿ ಕಾಣುತ್ತದೆ, ಅಜಾಥಿಯೋಪ್ರಿನ್ ಸುಮ್ನೆ ವಾಕರಿಕೆ ತರುವ ಮಾತ್ರೆಯಾಗಿ ಕಾಣುತ್ತದೆ.

ಅಮೆರಿಕದಿಂದ ಬಂದ ಪಟ್ಟಿ

ಜುಲೈ ಮೊದಲ ವಾರ, ಸ್ಟೀರಾಯ್ಡ್ 20ಕ್ಕೆ ಇಳಿದಿದ್ದಾಗ, ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ಒಂದು ಪಟ್ಟಿ ಕಳಿಸಿದರು. ಅವರ ಜೊತೆ ಕೆಲಸ ಮಾಡುವವರೊಬ್ಬರು ಊಟದಿಂದಲೇ ಕ್ರೋನ್ಸ್ ಗೆದ್ದಿದ್ದರಂತೆ. ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್, ಎಸ್‌ಸಿಡಿ ಅನ್ನುತ್ತಾರೆ. ಇದರ ಬೇರು ಹಳೆಯದು. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಗೋಧಿಯ ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿದ್ದರು. ಅದೇ ಬೆಳೆದು, ಬದಲಾಗಿ, ಮುಂದೆ ಕರುಳಿನ ಉರಿಯೂತದ ಕಾಯಿಲೆಗೂ ಬಂತು.

ಪಟ್ಟಿ ನೋಡಿದರೆ ಅಮೆರಿಕದ ಅಡುಗೆಮನೆಗೆ ಅದು ಕಷ್ಟ, ಮಂಡ್ಯದ ಅಡುಗೆಮನೆಗೆ ಅಸಾಧ್ಯ. ಅಕ್ಕಿ ಇಲ್ಲ, ರಾಗಿ ಇಲ್ಲ, ಗೋಧಿ ಜೋಳ ಯಾವುದೂ ಇಲ್ಲ. ಆಲೂಗಡ್ಡೆ ಇಲ್ಲ. ಸಕ್ಕರೆ ಬೆಲ್ಲ ಇಲ್ಲ, ಹಾಲು ಇಲ್ಲ. ಇರುವುದು ಮೊಟ್ಟೆ, ಕೋಳಿ, ಮೀನು, ಬೇಯಿಸಿದ ಕ್ಯಾರೆಟ್ಟು, ಕುಂಬಳ, ಕಳಿತ ಬಾಳೆಹಣ್ಣು, ಜೇನುತುಪ್ಪ, 24 ಗಂಟೆ ಹೆಪ್ಪು ಹಾಕಿದ ಮೊಸರು. ರೊಟ್ಟಿ ಬೇಕೇ ಬೇಕು ಅಂದರೆ ಬಾದಾಮಿ ಹಿಟ್ಟಿನದು. ಅವರ ತಾಯಿ ನನ್ನ ಮುಂದೆ ಕೂತು ಕೇಳಿದ್ದು ಇದೇ: "ಮುದ್ದೆ ಇಲ್ದೆ ಗಂಡಾಳು ಬದುಕಕ್ಕಾಯ್ತದಾ ಮೇಡಂ?" ಮಗನಿಗಾಗಿ ಬಾದಾಮಿ ಬೀಸಿಸಿ ಬೀಸಿಸಿ ಮನೆಯ ಲೆಕ್ಕ ತಪ್ಪಿತ್ತು.

ಆದರೆ ಪಥ್ಯ ಕೆಲಸ ಮಾಡಿದ ಹಾಗೆ ಕಂಡಿತು. ಅದನ್ನು ಅಲ್ಲಗಳೆಯಬಾರದು. ಮೂರು ವಾರದಲ್ಲಿ ದಿನಕ್ಕೆ ಆರು ಸಲ ಇದ್ದದ್ದು ಎರಡಕ್ಕೆ ಇಳಿಯಿತು. ಹೊಟ್ಟೆ ಉಬ್ಬರ ನಿಂತಿತು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಬಿಟ್ಟು ಹಿಂದೆ ಕೂರುವ ಧೈರ್ಯ ಬಂತು. ಮಾತ್ರೆಯಿಂದ ಆಗದ್ದು ಊಟದಿಂದ ಆಯಿತು ಅಂತ ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯ ಏನಿದೆ? ಅದೇ ವಾರಗಳಲ್ಲಿ ಮೈಯಲ್ಲಿ ಇನ್ನೂ ಸ್ಟೀರಾಯ್ಡ್ ಇತ್ತು ಅನ್ನುವುದು ಲೆಕ್ಕಕ್ಕೆ ಬರಲೇ ಇಲ್ಲ. ಹಾಲು, ನಾರು, ಗ್ಯಾಸ್ ಮಾಡುವ ಪದಾರ್ಥ ಎಲ್ಲ ಒಟ್ಟಿಗೆ ನಿಂತರೆ ಯಾರ ಹೊಟ್ಟೆಯಾದರೂ ಸ್ವಲ್ಪ ಹಗುರಾಗುತ್ತದೆ ಅನ್ನುವುದೂ ಬರಲಿಲ್ಲ.

ಈ ಪಥ್ಯದ ಮೇಲೆ ಒಳ್ಳೆಯ ಪರೀಕ್ಷೆಯೇ ನಡೆದಿದೆ. 2021ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಸೌಮ್ಯದಿಂದ ಮಧ್ಯಮ ಮಟ್ಟದ ಕ್ರೋನ್ಸ್ ಇದ್ದ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಸ್‌ಸಿಡಿ, ಇನ್ನೊಂದಕ್ಕೆ ತರಕಾರಿ, ಧಾನ್ಯ, ಮೀನು, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟ ಕೊಟ್ಟು ನೋಡಿದರು. ಆರು ವಾರಕ್ಕೆ ಲಕ್ಷಣಗಳು ಹೋದವರು ಎಸ್‌ಸಿಡಿ ಗುಂಪಿನಲ್ಲಿ ಶೇಕಡಾ 46.5, ಮೆಡಿಟರೇನಿಯನ್ ಗುಂಪಿನಲ್ಲಿ ಶೇಕಡಾ 43.5. ಹೆಚ್ಚು ಕಡಿಮೆ ಒಂದೇ. ಅಂದರೆ ಅಷ್ಟೆಲ್ಲ ಬಿಟ್ಟು ಕಷ್ಟಪಟ್ಟದ್ದಕ್ಕೆ ಬೇರೆ ಲಾಭ ಕಾಣಲಿಲ್ಲ. ಮಲದ ಪರೀಕ್ಷೆಯಲ್ಲಿ ಉರಿಯೂತ ಇಳಿದದ್ದು ಎರಡೂ ಕಡೆ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ. ಲಕ್ಷಣ ಇಳಿಯುವುದು ಬೇರೆ, ಉರಿಯೂತ ಇಳಿಯುವುದು ಬೇರೆ.

ನನ್ನ ತಪ್ಪು

ಜುಲೈ ಕೊನೆಗೆ ಅವರು ನನ್ನ ಹತ್ತಿರ ಬಂದರು. ತೂಕ 51. ಎತ್ತರ 170 ಸೆಂಟಿಮೀಟರ್. ಹಿಂದಿನ ಮೂರು ದಿನ ಏನು ತಿಂದಿರಿ ಅಂತ ಬರೆಸಿಕೊಂಡು ಲೆಕ್ಕ ಹಾಕಿದರೆ 1,200 ಕ್ಯಾಲೊರಿಯೂ ದಾಟಲಿಲ್ಲ. ಎಂಟು ಗಂಟೆ ನಿಂತು ಕೆಲಸ ಮಾಡುವ ಗಂಡಸಿಗೆ ಅದು ಏನೇನೂ ಸಾಲದು. ನಾನು ಪಥ್ಯವನ್ನು ಬಯ್ಯಲಿಲ್ಲ. ಬಯ್ದರೆ ಮತ್ತೆ ಬರುವುದಿಲ್ಲ ಅಂತ ಗೊತ್ತಿತ್ತು. ಮೊಟ್ಟೆ ಜಾಸ್ತಿ ಮಾಡಿ, ತುಪ್ಪ ಹಾಕಿ, ಮೊಸರು ಮೂರು ಹೊತ್ತು ಇರಲಿ ಅಂತ ಹೇಳಿದೆ. ಕೊನೆಗೆ ಫೈಲ್ ಮುಚ್ಚುತ್ತಾ "ಮಾತ್ರೆ ತಗೋತಿದ್ದೀರಲ್ವಾ?" ಅಂತ ಕೇಳಿದೆ. ಅವರು ತಲೆ ಆಡಿಸಿದರು. "ಔಷಧಿ ಮುಂದುವರಿದಿದೆ" ಅಂತ ಬರೆದುಕೊಂಡೆ.

ಆ ಪ್ರಶ್ನೆಯಲ್ಲೇ ಉತ್ತರ ಇತ್ತು, ನೋಡಿ. "ತಗೋತಿದ್ದೀರಲ್ವಾ" ಅಂದರೆ ಹೂಂ ಅನ್ನುವುದು ಬಿಟ್ಟು ಬೇರೆ ಏನು ಹೇಳೋಕಾಗುತ್ತೆ?

ಸೆಪ್ಟೆಂಬರ್ ಮೊದಲಲ್ಲಿ ಮತ್ತೆ ಬಂದಾಗ 52 ಕಿಲೋ. ಒಂದು ಕಿಲೋ ಏರಿದ್ದಕ್ಕೆ ನಮಗೆಲ್ಲ ಖುಷಿ. ಭೇದಿ ಇಲ್ಲ, ನೋವು ಅಪರೂಪ. ವೈದ್ಯರು ಮಾತ್ರ ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ ಬರೆದರು. ಕರುಳಿನ ಗೋಡೆಗೆ ಜಮಾಯಿಸಿದ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್ ಅದು. ಒಂದು ಗ್ರಾಂ ಮಲಕ್ಕೆ 50 ಮೈಕ್ರೋಗ್ರಾಂ ಒಳಗಿದ್ದರೆ ಚಿಂತೆ ಇಲ್ಲ. ದುಬಾರಿ ಪರೀಕ್ಷೆ, ಹಾಗಾಗಿ ಮಾದೇಶ ಎರಡು ಸಲ ಮುಂದೂಡಿದ್ದರು. ಈಗ ಮಾಡಿಸಿದರು. ಬಂದದ್ದು 1,140. ಉರಿಯೂತ ತೋರಿಸುವ ರಕ್ತ ಪರೀಕ್ಷೆ ಸಿಆರ್‌ಪಿ 28, ಹಿಮೋಗ್ಲೋಬಿನ್ 9.4, ಬಿ12 ತಳ ಕಂಡಿತ್ತು. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಅದೇ. ಮೇಲೆ ತಣ್ಣಗಿತ್ತು, ಒಳಗೆ ನಿಗಿನಿಗಿ.

ಇಲ್ಲಿ ಒಂದು ದೊಡ್ಡ ತಪ್ಪು ಆಗುವುದರಲ್ಲಿತ್ತು. ಮೂರು ತಿಂಗಳು ಅಜಾಥಿಯೋಪ್ರಿನ್ ತೆಗೆದುಕೊಂಡರೂ ಉರಿಯೂತ ಹೀಗಿದೆ ಅಂದರೆ ಆ ಔಷಧಿ ಸೋತಿತು ಅಂತಲೇ ಅರ್ಥ. ಮುಂದಿನ ಮೆಟ್ಟಿಲು ಅಡಾಲಿಮುಮಾಬ್ ಇಂಜೆಕ್ಷನ್. ಖರ್ಚು ಹೆಚ್ಚು. ಅದಕ್ಕಿಂತ ಹೆಚ್ಚಾಗಿ, ಒಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲ ಔಷಧಿ. ನಮ್ಮಲ್ಲಿ ಎದೆ ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಮಾಡಿಯೇ ಶುರು ಮಾಡಬೇಕು. ವೈದ್ಯರು ಆ ಪರೀಕ್ಷೆಗಳನ್ನು ಬರೆದೂ ಆಗಿತ್ತು.

ಚೀಲದಲ್ಲಿ ಸಿಕ್ಕಿದ್ದು

ನಾನು ಹುಡುಕುತ್ತಿದ್ದದ್ದು ಬೇರೆ. ಯಾವುದೋ ಪ್ರೋಟೀನ್ ಪುಡಿ ತೆಗೆದುಕೊಳ್ಳುತ್ತಿದ್ದೇನೆ ಅಂದಿದ್ದರು. ಅದರಲ್ಲಿ ಏನಿದೆ ನೋಡೋಣ ಅಂತ "ಮನೆಯಲ್ಲಿರೋ ಪುಡಿ, ಮಾತ್ರೆ, ಟಾನಿಕ್ ಎಲ್ಲ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ" ಅಂತ ಫೋನಿನಲ್ಲಿ ಹೇಳಿದೆ. ಸೆಪ್ಟೆಂಬರ್ ಕೊನೆಯ ವಾರ ತಾಯಿ ಮಗ ಇಬ್ಬರೂ ಬಂದರು. ಚೀಲ ತಂದದ್ದು ತಾಯಿ. ಹಾಗಾಗಿ ಅದನ್ನು ಯಾರೂ ಆರಿಸಿ ತುಂಬಿರಲಿಲ್ಲ.

ಮೇಜಿನ ಮೇಲೆ ಸುರಿದರು. ಮೆಡಿಕಲ್ ಸ್ಟೋರಿನ ಬಿಲ್ಲು ಇತ್ತು, ಜೂನ್ ಮಧ್ಯದ ತಾರೀಖು. ಅಜಾಥಿಯೋಪ್ರಿನ್ 50 ಮಿಲಿಗ್ರಾಂ, 60 ಮಾತ್ರೆ. ಎಣಿಸಿದೆ. 47 ಉಳಿದಿದ್ದವು. ದಿನಕ್ಕೆರಡು ಮಾತ್ರೆ ಅಂದರೆ ಒಂದು ವಾರವೂ ಸರಿಯಾಗಿ ನುಂಗಿಲ್ಲ. ಪಕ್ಕದಲ್ಲೇ ಡೈಕ್ಲೋಫೆನಾಕ್ ಮೂರು ಸ್ಟ್ರಿಪ್, ಮೂರೂ ಖಾಲಿ. ನಿಂತು ನಿಂತು ಬರುವ ಬೆನ್ನುನೋವಿಗೆ ಕಾರ್ಖಾನೆಯಲ್ಲಿ ಎಲ್ಲರೂ ತೆಗೆದುಕೊಳ್ಳುವ ಮಾತ್ರೆ ಅದು. ಕ್ರೋನ್ಸ್ ಇರುವವರು ದೂರ ಇಡಬೇಕಾದ ಮಾತ್ರೆಯೂ ಅದೇ. ಆ ಜಾತಿಯ ನೋವಿನ ಮಾತ್ರೆಗಳು ಕರುಳಿನ ಹುಣ್ಣನ್ನು ಕೆರಳಿಸುತ್ತವೆ. ಖಾಲಿ ಆಗಬೇಕಿದ್ದದ್ದು ತುಂಬಿತ್ತು, ತುಂಬಿರಬೇಕಿದ್ದದ್ದು ಖಾಲಿಯಾಗಿತ್ತು.

ತಾಯಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ತಿಂತಿದೀನಿ ಅಂದಲ್ಲೋ ಮಗ" ಅಂದರು ಅಷ್ಟೇ. ಮಾದೇಶ ನೆಲ ನೋಡುತ್ತಾ ಕೂತರು. ನಾನು ತಾಯಿಯನ್ನು ಹೊರಗೆ ಕಾಫಿಗೆ ಕಳಿಸಿದೆ. ಆಮೇಲೆ ಮಾತು ಬಂತು. ಮಾತ್ರೆ ನುಂಗಿದ ಅರ್ಧ ಗಂಟೆಗೆ ವಾಕರಿಕೆ. ಡಬ್ಬಿಯೊಳಗಿನ ಚೀಟಿಯಲ್ಲಿ ಕ್ಯಾನ್ಸರ್ ಅನ್ನುವ ಪದ. ಟಿಬಿ ಮಾತ್ರೆಯ ಅನುಭವ. ಅಷ್ಟರಲ್ಲಿ ಪಥ್ಯದಿಂದ ಹೊಟ್ಟೆ ಸರಿಹೋಯಿತು. "ನಿಮ್ಗೂ ಡಾಕ್ಟ್ರಿಗೂ ಹೇಳಿದ್ರೆ ಬಯ್ತೀರ ಅಂತ ಹೇಳ್ಲಿಲ್ಲ. ಊಟದಿಂದ್ಲೇ ವಾಸಿ ಆಗಿದ್ರೆ ಮಾತ್ರೆ ಯಾಕೆ ಬೇಕು ಹೇಳಿ."

ಅವರ ಮಾತಿನಲ್ಲಿ ಒಂದು ನ್ಯಾಯ ಇತ್ತು. ನಾವೇ ಆ ಎರಡನ್ನು ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೆವು. ವೈದ್ಯರು ಮಾತ್ರೆ ಕೇಳುತ್ತಿದ್ದರು, ಊಟ ಕೇಳಿದರೆ "ಡಯಟೀಷಿಯನ್ ನೋಡಿ" ಅನ್ನುತ್ತಿದ್ದರು. ನಾನು ಊಟ ಕೇಳುತ್ತಿದ್ದೆ, ಮಾತ್ರೆ ಬಗ್ಗೆ ಬಾಗಿಲಲ್ಲಿ ನಿಂತು ಒಂದು ಮಾತು. ಎರಡನ್ನೂ ತೂಗುವ ಕೆಲಸ ಕಾಯಿಲೆ ಇದ್ದವರ ತಲೆಗೆ ಬಿದ್ದಿತ್ತು. ಅವರು ತಮಗೆ ತಿಳಿದ ಹಾಗೆ ತೂಗಿದರು.

ಅವತ್ತೇ ವೈದ್ಯರಿಗೆ ಫೋನ್ ಮಾಡಿದೆ. ಅವರೂ ಬಯ್ಯಲಿಲ್ಲ. "ಸದ್ಯ, ಇಂಜೆಕ್ಷನ್ ಬರೆಯೋಕೆ ಮುಂಚೆ ಗೊತ್ತಾಯ್ತಲ್ಲ" ಅಂದರು. ಮುಂದಿನ ವಾರ ಎಲ್ಲರೂ ಕೂತು ಮಾತಾಡೋಣ ಅಂತಾಯಿತು. ಆ ವಾರದಲ್ಲೇ ಆಯುಧಪೂಜೆ ಬಂತು.

ಪಟ್ಟಿಯಲ್ಲಿದ್ದ ಸೀಬೆಹಣ್ಣು

ಕಾರ್ಖಾನೆಯಲ್ಲಿ ಪೂಜೆ ಆದ ಮೇಲೆ ಎಲ್ಲರಿಗೂ ಕಡ್ಲೆಪುರಿ, ಸಿಹಿ, ಹಣ್ಣು ಹಂಚಿದರು. ಮಾದೇಶ ಪುರಿ ಮುಟ್ಟಲಿಲ್ಲ, ಅಕ್ಕಿಯದ್ದು ಅಂತ. ಸಿಹಿ ಮುಟ್ಟಲಿಲ್ಲ. ಪಟ್ಟಿಯಲ್ಲಿ ತಪ್ಪಿಲ್ಲದ್ದನ್ನು ತಿಂದರು: ತೆಂಗಿನಕಾಯಿ ಚೂರು ಒಂದು ಹಿಡಿ, ಸೀಬೆಹಣ್ಣು ಎರಡು, ಬೀಜ ಸಮೇತ. ಅವತ್ತು ರಾತ್ರಿ ಹೊಟ್ಟೆ ಕಲ್ಲಾಯಿತು. ವಾಂತಿ ಶುರುವಾಯಿತು, ಗಾಳಿ ಕೂಡ ಹೋಗಲಿಲ್ಲ. ಬೆಳಗಿನ ಜಾವ ಎಮರ್ಜೆನ್ಸಿಗೆ ಕರೆದುಕೊಂಡು ಬಂದರು.

ಸಿ.ಟಿ. ಸ್ಕ್ಯಾನಿನಲ್ಲಿ ಆ ಕಿರಿದಾದ ಜಾಗ ಊದಿಕೊಂಡಿತ್ತು, ಅದರ ಹಿಂದಿನ ಕರುಳು ಹಿಗ್ಗಿತ್ತು. ಅರ್ಧ ಅಡ್ಡಗಟ್ಟಿದ ಹಾಗೆ. ಮೂಗಿನಿಂದ ನಳಿಗೆ ಹಾಕಿದರು, ಬಾಯಿಗೆ ಏನೂ ಇಲ್ಲ, ಡ್ರಿಪ್, ಸ್ಟೀರಾಯ್ಡ್ ಇಂಜೆಕ್ಷನ್. ಶಸ್ತ್ರಚಿಕಿತ್ಸೆಯ ವೈದ್ಯರೂ ಬಂದು ನೋಡಿದರು. ನಾಲ್ಕನೇ ದಿನ ಅಡ್ಡಗಟ್ಟಿದ್ದು ಬಿಟ್ಟಿತು.

ಅಕ್ಕಿ ಪುರಿ ಬಿಟ್ಟು ಸೀಬೆಬೀಜ ತಿಂದದ್ದು ನನ್ನನ್ನು ಬಹಳ ದಿನ ಕಾಡಿತು. ಕರುಳು ಕಿರಿದಾದವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದು ಧಾನ್ಯವೋ ಅಲ್ಲವೋ ಅನ್ನುವುದಲ್ಲ. ಆ ಕಿರಿದಾದ ದಾರಿಯಲ್ಲಿ ಅದು ಹೋಗುತ್ತದೋ ಇಲ್ಲವೋ ಅನ್ನುವುದು. ಸಿಪ್ಪೆ, ಬೀಜ, ನಾರು, ಕಾಯಿಚೂರು ಇವೇ ಅಪಾಯ. ಅಮೆರಿಕದ ಪಟ್ಟಿಗೆ ಇವರ ಸ್ಕ್ಯಾನ್ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೊದಲ ಕೊಲೊನೊಸ್ಕೋಪಿ ವರದಿಯಲ್ಲೇ ಕಿರಿದಾಗಿದೆ ಅಂತ ಬರೆದಿತ್ತು. ನಾನು ಕ್ಯಾಲೊರಿ ಎಣಿಸುತ್ತಾ ಕೂತಿದ್ದೆ.

ಹಾಸಿಗೆ ಪಕ್ಕದ ಮಾತುಕತೆ

ಐದನೇ ದಿನ ವೈದ್ಯರು, ಸರ್ಜನ್, ನಾನು, ಮಾದೇಶ, ತಾಯಿ ಒಟ್ಟಿಗೆ ಕೂತೆವು. ಆ ಮುಕ್ಕಾಲು ಗಂಟೆಯೇ ಈ ಪ್ರಕರಣದ ತಿರುವು ಅಂತ ನನ್ನ ಅಭಿಪ್ರಾಯ.

ಸರ್ಜನ್ ಹೇಳಿದ್ದು: ಕಿರಿದಾಗಿರುವುದರಲ್ಲಿ ಸ್ವಲ್ಪ ಊತ, ಸ್ವಲ್ಪ ಗಾಯ ಒಣಗಿ ಉಳಿದ ಗಂಟು. ಊತವನ್ನು ಔಷಧಿ ಇಳಿಸಬಹುದು. ಗಂಟನ್ನು ಮಾತ್ರೆಯೂ ಕರಗಿಸಲ್ಲ, ಪಥ್ಯವೂ ಕರಗಿಸಲ್ಲ. ಮೂರು ತಿಂಗಳು ಕಾಯಬಹುದು, ಆಗಲೂ ಅಡ್ಡಗಟ್ಟಿದರೆ ಅಷ್ಟು ಭಾಗ ಕತ್ತರಿಸಿ ತೆಗೆಯಬೇಕು. ಈ ತೂಕಕ್ಕೆ ಈಗಲೇ ಆಪರೇಷನ್ ಮಾಡಲು ಅವರಿಗೂ ಮನಸ್ಸಿರಲಿಲ್ಲ.

ಕ್ಯಾನ್ಸರ್ ಭಯವನ್ನು ವೈದ್ಯರು ತಳ್ಳಿ ಹಾಕಲಿಲ್ಲ. ಅದಕ್ಕೆ ಒಂದು ಅಂಕಿ ಕೊಟ್ಟರು. ಫ್ರಾನ್ಸಿನಲ್ಲಿ ಸುಮಾರು 19 ಸಾವಿರ ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಜಾಥಿಯೋಪ್ರಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ರಕ್ತದ ಒಂದು ಬಗೆಯ ಕ್ಯಾನ್ಸರ್ ಬಂದದ್ದು ವರ್ಷಕ್ಕೆ ಸಾವಿರಕ್ಕೆ ಒಬ್ಬರಿಗಿಂತ ಸ್ವಲ್ಪ ಕಡಿಮೆ. ತೆಗೆದುಕೊಳ್ಳದವರಿಗಿಂತ ಜಾಸ್ತಿ, ನಿಜ. ಆದರೆ ಸಾವಿರಕ್ಕೆ ಒಂದು. "ನೀವು ಮೊನ್ನೆ ರಾತ್ರಿ ಪಟ್ಟ ಪಾಡು ಸಾವಿರಕ್ಕೆ ಒಂದಲ್ಲ" ಅಂದರು. ಮಾದೇಶ ಮೊದಲ ಸಲ ತಲೆ ಎತ್ತಿ ನೋಡಿದ್ದು ಆಗ. ಅಪಾಯ ಇಲ್ಲ ಅಂದಿದ್ದರೆ ಅವರು ನಂಬುತ್ತಿರಲಿಲ್ಲ.

ಆಮೇಲೆ ವೈದ್ಯರು ಇಟ್ಟ ಪ್ರಸ್ತಾಪ ನನಗೂ ಹೊಸದಾಗಿ ಕಂಡಿತು. ಊಟವೇ ಔಷಧಿ ಆಗಬೇಕು ಅನ್ನುವ ಆಸೆ ಇದೆಯಲ್ಲ, ಹಾಗಾದರೆ ಪುರಾವೆ ಇರುವ ಊಟವನ್ನೇ ಔಷಧಿ ಮಾಡೋಣ. ಬೇರೆ ಏನೂ ತಿನ್ನದೆ, ಆರೆಂಟು ವಾರ ಪೌಷ್ಟಿಕ ಪುಡಿ ಕಲಸಿದ ದ್ರವ ಮಾತ್ರ ಕುಡಿಯುವುದು. ಕ್ರೋನ್ಸ್ ಇರುವ ಮಕ್ಕಳಿಗೆ ಎಷ್ಟೋ ದೇಶಗಳಲ್ಲಿ ಸ್ಟೀರಾಯ್ಡ್‌ಗೆ ಬದಲು ಮೊದಲು ಕೊಡುವುದೇ ಇದನ್ನು. ದ್ರವವಾದ್ದರಿಂದ ಕಿರಿದಾದ ಜಾಗದಲ್ಲೂ ಹೋಗುತ್ತದೆ, ತೂಕವೂ ಏರುತ್ತದೆ, ಸ್ಟೀರಾಯ್ಡ್ ಬೇಗ ಇಳಿಸಬಹುದು. ಷರತ್ತು ಒಂದೇ. ಅಜಾಥಿಯೋಪ್ರಿನ್ ಇವತ್ತೇ ಶುರುವಾಗಬೇಕು. ಮಾತ್ರೆ ಕೆಲಸಕ್ಕೆ ಬರಲು ಬೇಕಾದ ಎರಡು ಮೂರು ತಿಂಗಳನ್ನು ಪಥ್ಯ ದಾಟಿಸುತ್ತದೆ.

ಮಾದೇಶರೂ ಒಂದು ಷರತ್ತು ಹಾಕಿದರು. ಮೂರು ತಿಂಗಳಿಗೊಮ್ಮೆ ಕ್ಯಾಲ್ಪ್ರೊಟೆಕ್ಟಿನ್ ಮಾಡಿಸುತ್ತೇನೆ, ಆ ಅಂಕಿ ನೋಡಿ ಮುಂದಿನ ಮಾತು. ಮಾತ್ರೆ ಬೇಡ ಅನಿಸಿದರೆ ಬಿಡುವ ಮುಂಚೆ ಹೇಳುತ್ತೇನೆ, ಬಯ್ಯಬಾರದು. ಒಪ್ಪಿದೆವು.

ಹತ್ತೊಂಬತ್ತು ದಿನ

ಮಾತ್ರೆ 50ರಿಂದ ಶುರು, ರಾತ್ರಿ ಮಲಗುವ ಮುಂಚೆ. ವಾಕರಿಕೆ ಬಂದರೂ ನಿದ್ದೆಯಲ್ಲಿ ಕಳೆಯಲಿ ಅಂತ. ರಕ್ತಕಣಗಳನ್ನು ತಗ್ಗಿಸುವ ಮಾತ್ರೆಯಾದ್ದರಿಂದ ಮೊದಲ ತಿಂಗಳು ಆಗಾಗ ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. ನಮ್ಮ ಏಷ್ಯಾದವರಲ್ಲಿ ಕೆಲವರಿಗೆ ಎನ್‌ಯುಡಿಟಿ15 ಅನ್ನುವ ಜೀನಿನ ವ್ಯತ್ಯಾಸದಿಂದ ಈ ಮಾತ್ರೆ ಸ್ವಲ್ಪಕ್ಕೇ ಬಿಳಿ ರಕ್ತಕಣಗಳನ್ನು ಕುಸಿಯುವಂತೆ ಮಾಡುತ್ತದೆ. ಆ ಪರೀಕ್ಷೆ ಮಾಡಿಸಿದರು, ತೊಂದರೆ ಇರಲಿಲ್ಲ. ಕಬ್ಬಿಣ ಡ್ರಿಪ್ಪಿನಲ್ಲಿ, ಬಿ12 ಇಂಜೆಕ್ಷನ್‌ನಲ್ಲಿ. ಡೈಕ್ಲೋಫೆನಾಕ್ ಬಂದ್. ಬೆನ್ನುನೋವಿಗೆ ಪ್ಯಾರಾಸಿಟಮಾಲ್ ಮತ್ತು ಒಂದು ಬೆಲ್ಟು.

ದ್ರವವನ್ನು ಮೊದಲ ದಿನವೇ ಪೂರ್ತಿ ಕೊಡಲಿಲ್ಲ. ಬಹಳ ದಿನ ಕಡಿಮೆ ತಿಂದ ಮೈಗೆ ಒಮ್ಮೆಲೇ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್ ಕುಸಿದು ಅಪಾಯ. ಐದು ದಿನದಲ್ಲಿ ನಿಧಾನಕ್ಕೆ 1,800 ಕ್ಯಾಲೊರಿಗೆ ಏರಿಸಿದೆವು. ಫ್ಲಾಸ್ಕಿನಲ್ಲಿ ತಣ್ಣಗೆ ಮಾಡಿ ಕಾರ್ಖಾನೆಗೂ ಒಯ್ದರು. ವೆನಿಲ್ಲಾ ವಾಸನೆ ಅಂದರೆ ಈಗಲೂ ಅವರಿಗೆ ಆಗುವುದಿಲ್ಲ.

ಹತ್ತೊಂಬತ್ತನೇ ದಿನ ಫೋನ್ ಬಂತು. ಮನೆಯಲ್ಲಿ ಬಸ್ಸಾರಿಗೆ ಒಗ್ಗರಣೆ ಹಾಕಿದ್ದರು, ವಾಸನೆಗೆ ಅತ್ತುಬಿಟ್ಟೆ ಮೇಡಂ, ಆಗಲ್ಲ ಇನ್ನು ಅಂದರು. ಹೇಳಿ ಬಿಟ್ಟರಲ್ಲ, ಅದೇ ದೊಡ್ಡದು. ಆರು ವಾರ ಆಗಲಿಲ್ಲ ಅಂತ ಸೋಲು ಅಂದುಕೊಳ್ಳದೆ ಎರಡನೇ ದಾರಿ ಹಿಡಿದೆವು. ಇಸ್ರೇಲಿನ ಮಕ್ಕಳ ವೈದ್ಯ ಆರಿ ಲೆವಿನ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅರ್ಧ ದ್ರವ ಮತ್ತು ಅರ್ಧ ಆಯ್ದ ಊಟ ಕೊಟ್ಟಾಗ ಮಕ್ಕಳಿಗೆ ಸಹಿಸಲು ಸುಲಭವಾಯಿತು. ಆ ಊಟದಲ್ಲಿ ಕೋಳಿ, ಮೊಟ್ಟೆ, ಆಲೂಗಡ್ಡೆ, ಬಾಳೆಹಣ್ಣು, ಸಿಪ್ಪೆ ತೆಗೆದ ಸೇಬು ಇವೆ. ಮುಖ್ಯವಾಗಿ ಬಿಳಿ ಅನ್ನ ಇದೆ. ನಾಲ್ಕು ತಿಂಗಳ ಮೇಲೆ ಅವರ ತಟ್ಟೆಗೆ ಅನ್ನ ಬಂತು.

ಬಸ್ಸಾರಿನ ವಿಷಯದಲ್ಲಿ ನಾನು ಕಲಿತದ್ದು ಅವರ ತಾಯಿಯಿಂದ. ನಾರು ಬೇಡ, ಸತ್ವ ಬೇಕು ಅಂತ ನಾನು ವಿವರಿಸುತ್ತಿದ್ದೆ. ಅವರು ನಡುವೆ ಬಾಯಿ ಹಾಕಿದರು: "ಅದನ್ನೇ ಅಲ್ವಾ ಬಸಿಯೋದು? ಕಟ್ಟು ಮಗನಿಗೆ, ಪಲ್ಯ ನಮ್ಗೆ." ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಹಳೇ ಮೈಸೂರಿನ ಅಡುಗೆಮನೆ ನಾರನ್ನೂ ರಸವನ್ನೂ ದಿನಾ ಬೇರೆ ಮಾಡುತ್ತಲೇ ಇದೆ. ಖಾರ ಕಡಿಮೆ ಮಾಡಿ, ಮಸಾಲೆಯನ್ನು ನುಣ್ಣಗೆ ರುಬ್ಬಿ ಸೋಸಿ ಹಾಕಿ ಅಂದೆ, ಅಷ್ಟೇ.

ರಾಗಿಯನ್ನೂ ಹಾಗೇ ತಂದೆವು. ಫೆಬ್ರವರಿಯಲ್ಲಿ ರಾಗಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದ ಹಾಲಿನ ಮಣ್ಣಿ, ಮಕ್ಕಳಿಗೆ ಮಾಡುವಂಥದ್ದು. ಏಪ್ರಿಲ್‌ನಲ್ಲಿ ನಿಂಬೆಗಾತ್ರದ ಮುದ್ದೆ, ಸಣ್ಣ ಜರಡಿ ಹಿಟ್ಟಿನದು, ಮೆತ್ತಗೆ. ನುಂಗಬೇಡಿ, ಸಾರಿನಲ್ಲಿ ಕಲಸಿ ಅಗಿದು ತಿನ್ನಿ ಅಂದೆ. "ಮುದ್ದೆ ಅಗಿದ್ರೆ ನಮ್ ಕಡೆ ನಗ್ತಾರೆ ಮೇಡಂ" ಅಂದರು. ಬಾಗಿಲು ಹಾಕಿಕೊಂಡು ಅಗಿಯಿರಿ ಅಂದೆ.

ಅಂಕಿಗಳು, ಮತ್ತು ನಾನು ಬದಲಿಸಿಕೊಂಡದ್ದು

ಜನವರಿಯಲ್ಲಿ ಕ್ಯಾಲ್ಪ್ರೊಟೆಕ್ಟಿನ್ 410, ತೂಕ 55. ಏಪ್ರಿಲ್‌ನಲ್ಲಿ 160, ತೂಕ 58. ಮೇನಲ್ಲಿ ಬಿಳಿ ರಕ್ತಕಣ 3,100ಕ್ಕೆ ಇಳಿದು ಮಾತ್ರೆಯನ್ನು 75ಕ್ಕೆ ತಗ್ಗಿಸಬೇಕಾಯಿತು. ಸೆಪ್ಟೆಂಬರ್ ಕೊಲೊನೊಸ್ಕೋಪಿಯಲ್ಲಿ ಹುಣ್ಣು ಬಹುಪಾಲು ಮಾಗಿತ್ತು, ಕಿರಿದಾದ ಜಾಗ ಹಾಗೇ ಇತ್ತು. ಅಕ್ಟೋಬರ್‌ನಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಮತ್ತೆ 290. ಲಕ್ಷಣ ಏನೂ ಇಲ್ಲ. ಇನ್ನೊಂದು ಸಲ ಏರಿದರೆ ಇಂಜೆಕ್ಷನ್ ಯೋಚಿಸಬೇಕು ಅಂತ ವೈದ್ಯರು ಹೇಳಿದ್ದಾರೆ. ಈ ಸಲ ಆ ಮಾತಿಗೆ ಅರ್ಥ ಇದೆ, ಯಾಕೆಂದರೆ ಈ ಸಲ ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗಿದೆ. ಮಾದೇಶರು ಈಗಲೂ ಗೋಧಿ ತಿನ್ನುವುದಿಲ್ಲ, ಪೂರಿ ತಿಂದರೆ ಉಬ್ಬರ ಅನ್ನುತ್ತಾರೆ. ಅದಕ್ಕೆ ನಾವು ಕೈಹಾಕಿಲ್ಲ. ತೂಕ ಏರುತ್ತಿದ್ದರೆ ಒಂದು ಧಾನ್ಯ ಬಿಟ್ಟರೆ ಏನೂ ಮುಳುಗುವುದಿಲ್ಲ.

ನಾನು ಈಗ "ಮಾತ್ರೆ ತಗೋತಿದ್ದೀರಲ್ವಾ" ಅಂತ ಯಾರನ್ನೂ ಕೇಳುವುದಿಲ್ಲ. "ಹೋದ ವಾರ ಎಷ್ಟು ಸಲ ತಪ್ಪಿತು?" ಅಂತ ಕೇಳುತ್ತೇನೆ. ತಪ್ಪುವುದು ಸಹಜ ಅಂತ ಮೊದಲೇ ಒಪ್ಪಿಕೊಂಡ ಪ್ರಶ್ನೆ ಅದು, ಜನ ಬೆರಳು ಮಡಚಿ ಎಣಿಸುತ್ತಾರೆ. ಮೊದಲ ಭೇಟಿಗೇ ಚೀಲ ತರಿಸುತ್ತೇನೆ. ಪಥ್ಯದ ಹಾಳೆಯ ಮೇಲೇ ಮಾತ್ರೆಯ ಹೆಸರು, ಶುರುವಾದ ತಾರೀಖು, ಅದು ಕೆಲಸಕ್ಕೆ ಬರಲು ಎಷ್ಟು ವಾರ ಬೇಕು ಅನ್ನುವುದನ್ನೂ ಬರೆಯುತ್ತೇನೆ. ಯಾವುದರಿಂದ ಗುಣ ಕಂಡಿತು ಅನ್ನುವ ಗೊಂದಲಕ್ಕೆ ಆ ತಾರೀಖುಗಳೇ ಉತ್ತರ ಹೇಳುತ್ತವೆ. ಸ್ಕ್ಯಾನ್ ವರದಿ ಓದದೆ ಊಟದ ಪಟ್ಟಿ ಕೊಡುವುದನ್ನು ಬಿಟ್ಟಿದ್ದೇನೆ.

ಡಿಸೆಂಬರ್ ಕೊನೆಯಲ್ಲಿ ತಾಯಿ ಫೋನ್ ಮಾಡಿದ್ದರು. ಹೊಲದಲ್ಲಿ ಸೊಗಡವರೆ ಬಂದಿದೆ, ಹೋದ ವರ್ಷ ಮಗ ವಾಸನೆ ನೋಡಿಕೊಂಡೇ ಕಾಲ ಹಾಕಿದ, ಈ ವರ್ಷನಾದರೂ ಕೊಡಬಹುದಾ ಅಂತ. ಕಾಳು ಬೇಡಮ್ಮ, ಸಿಪ್ಪೆ ಅಡ್ಡ ಬರುತ್ತೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಿತುಕಿದ್ರೆ?"

ರಾತ್ರಿ ನೆನೆಸಿ, ಒಂದೊಂದೇ ಕಾಳು ಹಿತುಕಿ, ಸಿಪ್ಪೆ ಎಲ್ಲ ತೆಗೆದ ಹಿತಕಿದ ಬೇಳೆ. ನನಗೆ ಹೊಳೆದೇ ಇರಲಿಲ್ಲ. ಚೆನ್ನಾಗಿ ಬೇಯಿಸಿ ಮಸೆದು ಎರಡು ಚಮಚ ಕೊಡಿ, ಮಾರನೇ ದಿನ ಹೇಗಿದ್ದಾರೆ ಫೋನ್ ಮಾಡಿ ಅಂದೆ.